ಕದಲದ ಮಂಚ: ಹೋಮರನ ಕಾವ್ಯದಲ್ಲಿ ಮನೆಗೆ ಮರಳುವುದು

ಎಲ್ಲರಿಗೂ ನಮಸ್ಕಾರ.

ಪ್ರಾಚೀನ ಗ್ರೀಕ್ ಕವಿ ಹೋಮರನ ಇಲಿಯಡ್ ಕಾವ್ಯದ ಒಂಬತ್ತನೆಯ ಸರ್ಗದಿಂದ ಆರಂಭಿಸುತ್ತೇನೆ. ಟ್ರಾಯ್ ಯುದ್ಧದ ಹತ್ತನೆಯ ವರ್ಷ. ಗ್ರೀಕ್ ಸೇನೆಯ ನಾಯಕ ಅಗಮೆಮ್ನಾನ್ ಅವಮಾನ ಮಾಡಿದನೆಂದು ಮುನಿದ ವೀರ ಅಕಿಲೀಸ್ ಯುದ್ಧಕ್ಕೆ ಬೆನ್ನು ತಿರುಗಿಸಿ ಬಿಡಾರದಲ್ಲಿ ಕುಳಿತಿದ್ದಾನೆ. ಅವನನ್ನು ಒಲಿಸಿ ಕರೆತರಲು ಒಡಿಸ್ಯೂಸ್, ಅಜಾಕ್ಸ್, ಮುದುಕ ಫೀನಿಕ್ಸ್ ಹೋಗುತ್ತಾರೆ. ಅವರು ಹೋದ ಹೊತ್ತಿನಲ್ಲಿ ಅಕಿಲೀಸ್ ಕತ್ತಿ ಮಸೆಯುತ್ತಿರಲಿಲ್ಲ. ತಂತಿವಾದ್ಯ ನುಡಿಸುತ್ತ ಹಿಂದಿನ ವೀರರ ಕೀರ್ತಿಯನ್ನು ಹಾಡಿಕೊಳ್ಳುತ್ತಿದ್ದ. ಕೀರ್ತಿಗಾಗಿ ಸಾಯಬೇಕಾದವನು ಬೇರೆಯವರ ಕೀರ್ತಿಯನ್ನು ಹಾಡುತ್ತ ಕಾಲ ಕಳೆಯುತ್ತಿದ್ದಾನೆ.

ಅವನು ಕೊಡುವ ಉತ್ತರದಲ್ಲಿ ಎರಡು ಗ್ರೀಕ್ ಪದಗಳಿವೆ. ಒಂದು ಕ್ಲೆಯೊಸ್, ಅಂದರೆ ಜನರ ಬಾಯಲ್ಲಿ ಉಳಿಯುವ ಕೀರ್ತಿ. ಇನ್ನೊಂದು ನೋಸ್ಟೊಸ್, ಅಂದರೆ ಮನೆಗೆ ಮರಳುವುದು. ಇಲ್ಲೇ ನಿಂತು ಕಾದಿದರೆ ಅಳಿಯದ ಕೀರ್ತಿ ಸಿಗುತ್ತದೆ, ಆದರೆ ಮನೆಯ ದಾರಿ ಮುಚ್ಚುತ್ತದೆ. ಊರಿಗೆ ಹೋದರೆ ದೀರ್ಘಾಯುಷ್ಯ, ಕೀರ್ತಿಯಿಲ್ಲ. ಹೀಗೆಂದು ತಾಯಿ ಥೀಟಿಸ್ ಅವನಿಗೆ ಹೇಳಿದ್ದಾಳೆ. ದನಕುರಿಗಳನ್ನು ಸೂರೆ ಮಾಡಿ ತರಬಹುದು, ಹಲ್ಲಿನ ಬೇಲಿ ದಾಟಿ ಹೋದ ಉಸಿರನ್ನು ತರಲಾಗದು ಎಂದೂ ಅವನು ಹೇಳುತ್ತಾನೆ. ಈ ಮಾತನ್ನು ಎದುರಿಗೆ ಕುಳಿತು ಕೇಳುತ್ತಿರುವವನು ಒಡಿಸ್ಯೂಸ್, ಮುಂದೆ ಕೀರ್ತಿ ಮತ್ತು ಮನೆ ಎರಡನ್ನೂ ಪಡೆಯಲಿರುವವನು. ಹೋಮರ್ ಇದನ್ನು ಎತ್ತಿ ತೋರಿಸುವುದಿಲ್ಲ.

ಮನೆಗೆ ಮರಳುವುದು ಆ ಕಾವ್ಯಲೋಕದಲ್ಲಿ ಸುಲಭದ ಮಾತಲ್ಲ. ಟ್ರಾಯ್‌ನಿಂದ ಹೊರಟ ಗ್ರೀಕ್ ವೀರರಲ್ಲಿ ನೆಸ್ಟರ್ ನೆಮ್ಮದಿಯಾಗಿ ಮನೆ ಸೇರಿದ. ಮೆನೆಲಾಸ್ ಈಜಿಪ್ಟಿನ ತನಕ ಅಲೆದು ಎಂಟನೆಯ ವರ್ಷ ಮನೆ ಮುಟ್ಟಿದ. ಅಗಮೆಮ್ನಾನ್ ಊರು ಸೇರಿದ, ಔತಣದ ಊಟದಲ್ಲಿ ಕುಳಿತಿದ್ದಾಗಲೇ ಕೊಲೆಯಾದ. ಒಡಿಸ್ಯೂಸ್‌ಗೆ ಯುದ್ಧದಲ್ಲಿ ಹತ್ತು ವರ್ಷ, ದಾರಿಯಲ್ಲಿ ಇನ್ನೊಂದು ಹತ್ತು. ಅದರಲ್ಲಿ ಏಳು ವರ್ಷ ಕ್ಯಾಲಿಪ್ಸೊ ಎಂಬ ದೇವಿಯ ದ್ವೀಪದಲ್ಲಿ. ತನ್ನೊಡನೆ ಉಳಿದರೆ ಮುಪ್ಪು ಸಾವುಗಳಿಲ್ಲದ ಬಾಳು ಕೊಡುತ್ತೇನೆಂದು ಅವಳು ಹೇಳುತ್ತಾಳೆ. ರೂಪದಲ್ಲಿ ನನ್ನ ಹೆಂಡತಿ ಪೆನೆಲೊಪಿ ನಿನಗೆ ಸಾಟಿಯಲ್ಲ, ಆದರೂ ನನಗೆ ಮನೆಯೇ ಬೇಕು ಎನ್ನುತ್ತಾನೆ ಒಡಿಸ್ಯೂಸ್. ಅವನ ಕಥೆ ಹೇಳುವ ಒಡಿಸ್ಸಿ ಕಾವ್ಯ ಅವನನ್ನು ಮೊದಲು ನಮಗೆ ತೋರಿಸುವುದೇ ಕಡಲ ದಂಡೆಯಲ್ಲಿ ಕುಳಿತು ಅಳುತ್ತಿರುವಾಗ. ಅಂದಹಾಗೆ, ನಾವು ಸಲೀಸಾಗಿ ಬಳಸುವ ನಾಸ್ಟಾಲ್ಜಿಯಾ ಎಂಬ ಪದ ಪ್ರಾಚೀನ ಗ್ರೀಕರದಲ್ಲ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ಎರಡು ಗ್ರೀಕ್ ಪದಗಳನ್ನು ಬೆಸೆದು ಒಂದು ಕಾಯಿಲೆಗೆ ಇಟ್ಟ ಹೆಸರು ಅದು.

ಇನ್ನು ಒಡಿಸ್ಯೂಸ್‌ನ ಊರು ಇಥಾಕಾ. ನಿದ್ದೆಯಲ್ಲಿದ್ದ ಒಡಿಸ್ಯೂಸ್‌ನನ್ನು ಫೇಷಿಯಾದ ನಾವಿಕರು ಅವನ ಊರಿನ ಮರಳ ಮೇಲೆ ಮಲಗಿಸಿ ಹೋಗುತ್ತಾರೆ. ಎಚ್ಚರವಾದಾಗ ಅವನಿಗೆ ತನ್ನ ಊರಿನ ಗುರುತೇ ಹತ್ತುವುದಿಲ್ಲ. ಅಥೀನಾ ದೇವಿ ಸುತ್ತಲೂ ಮಂಜು ಕವಿಸಿದ್ದಾಳೆ. ಒಡಿಸ್ಸಿಯಲ್ಲಿರುವುದು 24 ಸರ್ಗ. ನಾಯಕ ಊರು ಮುಟ್ಟುವುದು ಹದಿಮೂರನೆಯದರಲ್ಲಿ. ಹಾಗಾದರೆ ಉಳಿದ ಅರ್ಧ ಕಾವ್ಯ ಯಾತಕ್ಕೆ? ದಡ ಸೇರಿದ ಮಾತ್ರಕ್ಕೆ ಮನೆ ಸೇರಿದಂತಲ್ಲ. ಮನೆಯವರು 'ಇವನೇ' ಎನ್ನಬೇಕು, ಅದೂ ಒಬ್ಬೊಬ್ಬರಾಗಿ, ಅವರವರ ಗುರುತಿನಿಂದ.

ತಿಪ್ಪೆಯ ಮೇಲೆ ಬಿದ್ದಿದ್ದ ಮುದಿ ನಾಯಿ ಆರ್ಗೊಸ್ ಒಡೆಯನನ್ನು ಗುರುತಿಸಿ ಬಾಲ ಆಡಿಸಿ ಸಾಯುವ ಪ್ರಸಂಗ ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ದಾಟಿ ಮುದುಕಿ ದಾದಿ ಯೂರಿಕ್ಲಿಯಾಳ ಬಳಿ ಹೋಗೋಣ. ಭಿಕ್ಷುಕನ ವೇಷದಲ್ಲಿ ಬಂದವನ ಕಾಲು ತೊಳೆಯಲು ಅವಳು ಕಂಚಿನ ಬೋಗುಣಿ ಇಟ್ಟುಕೊಂಡು ಕುಳಿತಿದ್ದಾಳೆ. ಅವನು ಒಲೆಯ ಬೆಳಕಿಗೆ ಬೆನ್ನು ಮಾಡಿ ಕತ್ತಲೆಯ ಕಡೆಗೆ ತಿರುಗಿಕೊಳ್ಳುತ್ತಾನೆ. ಅವಳ ಅಂಗೈಗೆ ಮೊಣಕಾಲಿನ ಮೇಲಿನ ಕಲೆ ತಗಲುತ್ತದೆ. ಅಷ್ಟರಲ್ಲಿ ಹೋಮರ್ ಕಥೆಯನ್ನೇ ನಿಲ್ಲಿಸಿ, ಆ ಕಲೆ ಹೇಗಾಯಿತು, ಪಾರ್ನಾಸಸ್ ಬೆಟ್ಟದಲ್ಲಿ ಕಾಡುಹಂದಿ ಹೇಗೆ ಕೋರೆಯಿಂದ ಸೀಳಿತು ಎಂದು ಎಪ್ಪತ್ತಕ್ಕೂ ಹೆಚ್ಚು ಸಾಲುಗಳಲ್ಲಿ ಹೇಳುತ್ತಾನೆ. ಆ ಎಪ್ಪತ್ತು ಸಾಲುಗಳ ಉದ್ದಕ್ಕೂ ಕಾಲು ಮುದುಕಿಯ ಕೈಯಲ್ಲೇ ಇರುತ್ತದೆ. ಆಮೇಲೆ ಕೈಬಿಡುತ್ತಾಳೆ, ಕಾಲು ಬೋಗುಣಿಗೆ ಬೀಳುತ್ತದೆ, ಕಂಚು ಸದ್ದು ಮಾಡುತ್ತದೆ, ನೀರೆಲ್ಲ ನೆಲದ ಪಾಲು. ಅವಳು ಬಾಯಿ ತೆರೆಯುವ ಹೊತ್ತಿಗೆ ಒಡಿಸ್ಯೂಸ್ ಅವಳ ಕುತ್ತಿಗೆ ಹಿಡಿಯುತ್ತಾನೆ. ಎದೆಹಾಲು ಕುಡಿಸಿದವಳ ಕುತ್ತಿಗೆ. ಮರಳಿ ಬಂದ ಮಗನ ಮೊದಲ ಅಪ್ಪುಗೆ ಹೀಗಿದೆ.

ನಿಷ್ಠೆ ಎಂದಾಗ ನಾವು ಪೆನೆಲೊಪಿಯನ್ನು ಕಾಯುತ್ತ ಕಣ್ಣೀರಿಡುವ ಹೆಂಗಸಾಗಿ ಕಲ್ಪಿಸಿಕೊಳ್ಳುತ್ತೇವೆ. ಕಣ್ಣೀರು ಇಡುತ್ತಾಳೆ, ನಿಜ. ಆದರೆ ತನ್ನನ್ನು ಮದುವೆಯಾಗಲು ಮನೆಯಲ್ಲಿ ಠಿಕಾಣಿ ಹೂಡಿದ 108 ವರಾರ್ಥಿಗಳನ್ನು ಮೂರು ವರ್ಷ ನೂಲಿನಿಂದ ಕಟ್ಟಿ ಕೂರಿಸಿದವಳೂ ಅವಳೇ: ನೇಯ್ಗೆ ಮುಗಿದ ಮೇಲೆಯೇ ಮದುವೆ ಎಂದು ಹೇಳಿ, ಮಾವನಿಗಾಗಿ ಶವವಸ್ತ್ರವನ್ನು ಹಗಲು ನೇಯ್ದು ಇರುಳು ಬಿಚ್ಚುತ್ತಿದ್ದಳು. ಒಡಿಸ್ಯೂಸ್ ವರಾರ್ಥಿಗಳನ್ನೆಲ್ಲ ಕೊಂದ ಮೇಲೂ ಗಂಡನನ್ನು ಒಪ್ಪಿಕೊಳ್ಳಲು ಅವಳು ಸಿದ್ಧಳಿಲ್ಲ. ನಿನ್ನ ಎದೆ ಕಲ್ಲಿಗಿಂತ ಗಟ್ಟಿ ಎಂದು ಮಗ ಟೆಲಿಮಾಕಸ್ ಗದರುತ್ತಾನೆ. ಅವಳು ದಾದಿಗೆ ತಣ್ಣಗೆ ಹೇಳುತ್ತಾಳೆ: ಇವರೇ ಮಾಡಿದ ಆ ಮಂಚವನ್ನು ಕೋಣೆಯಿಂದ ಹೊರಗೆ ತಂದು ಹಾಸಿಗೆ ಹಾಸು.

ಸ್ವಂತ ಮನೆಯಲ್ಲೇ ಪೀಠದ ಏಟು ತಿಂದು ಸುಮ್ಮನಿದ್ದವನು, ಬೈಗುಳ ನುಂಗಿದವನು ಈ ಒಂದು ಮಾತಿಗೆ ಸಿಡಿದೇಳುತ್ತಾನೆ. ನನ್ನ ಮಂಚ ಕದಲಿಸಿದವರು ಯಾರು? ಅಂಗಳದಲ್ಲಿ ಕಂಬದಷ್ಟು ದಪ್ಪದ ಆಲಿವ್ ಮರವಿತ್ತು. ಅದರ ಸುತ್ತ ಕಲ್ಲು ಕಟ್ಟಿ ಕೋಣೆ ಮಾಡಿದೆ, ತಲೆ ಕಡಿದು ಕಾಂಡವನ್ನು ಹೆರೆದು ಅದನ್ನೇ ಮಂಚದ ಕಾಲು ಮಾಡಿದೆ, ಕೆಂಪು ಬಣ್ಣದ ಎತ್ತಿನ ಚರ್ಮದ ಪಟ್ಟಿ ಬಿಗಿದೆ! ಬೇರು ನೆಲದಲ್ಲಿರುವ ಮಂಚ. ಆ ಗುಟ್ಟು ಗಂಡಹೆಂಡಿರಿಗೂ ಒಬ್ಬ ದಾಸಿಗೂ ಮಾತ್ರ ಗೊತ್ತಿದ್ದದ್ದು. ಲೋಕವನ್ನೆಲ್ಲ ಏಮಾರಿಸಿದ ಆ ಚತುರನು ಹೆಂಡತಿಯ ಬಲೆಗೆ ತಾನಾಗಿ ಬಿದ್ದ. ಆಗ ಬರುವ ಉಪಮೆಯನ್ನು ಗಮನಿಸಿ: ಹಡಗು ಒಡೆದು ಈಜುತ್ತ ಬಂದವರಿಗೆ ನೆಲ ಕಂಡಂತೆ ಎಂದು ಕವಿ ಶುರುಮಾಡುತ್ತಾನೆ. ಒಡಿಸ್ಯೂಸ್‌ನ ಬಗ್ಗೆ ಹೇಳುತ್ತಿದ್ದಾನೆ ಎಂದುಕೊಳ್ಳುತ್ತೇವೆ. ಸಾಲು ಮುಗಿಯುವಾಗ ಅದು ಪೆನೆಲೊಪಿಯ ಮಾತಾಗಿದೆ. ಮನೆಬಿಟ್ಟು ಕದಲದ ಅವಳೂ ಇಪ್ಪತ್ತು ವರ್ಷ ಈಜಿ ಈಗ ದಡ ಹತ್ತಿದವಳು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಯೂರಿಕ್ಲಿಯಾ ಇಪ್ಪತ್ತು ಎತ್ತುಗಳ ಬೆಲೆಗೆ ಕೊಂಡು ತಂದ ದಾಸಿ. ಐವತ್ತು ದಾಸಿಯರಲ್ಲಿ ವರಾರ್ಥಿಗಳ ಜೊತೆ ಮಲಗಿದ ಹನ್ನೆರಡು ಮಂದಿಯನ್ನು ತೋರಿಸಿಕೊಡುವವಳೂ ಅವಳೇ. ಅವರಿಂದಲೇ ಹೆಣ ಹೊರಿಸಿ, ರಕ್ತ ಒರೆಸಿಸಿ, ಟೆಲಿಮಾಕಸ್ ಹಡಗಿನ ಹಗ್ಗದಿಂದ ನೇಣು ಹಾಕುತ್ತಾನೆ. ಬಲೆಗೆ ಬಿದ್ದ ಹಕ್ಕಿಗಳಂತೆ, ಸ್ವಲ್ಪ ಹೊತ್ತು ಕಾಲು ಒದರಿದವು, ಬಹಳ ಹೊತ್ತಲ್ಲ, ಎನ್ನುತ್ತಾನೆ ಕವಿ. ಅವರ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ.

ನನ್ನನ್ನು ಹೆಚ್ಚು ಕಾಡುವವನು ಹಂದಿ ಕಾಯುವ ಯೂಮೇಯಸ್. ಇಡೀ ಒಡಿಸ್ಸಿಯಲ್ಲಿ ಕವಿ 'ನೀನು' ಎಂದು ನೇರವಾಗಿ ಮಾತನಾಡಿಸುವುದು ಇವನೊಬ್ಬನನ್ನೇ. ಹುಟ್ಟಿನಿಂದ ರಾಜನ ಮಗ. ಚಿಕ್ಕಂದಿನಲ್ಲಿ ಫಿನೀಷಿಯದ ವ್ಯಾಪಾರಿಗಳು ಅಪಹರಿಸಿ ಇಥಾಕಾಕ್ಕೆ ತಂದು ಮಾರಿದರು. ತಂದೆತಾಯಿಯರನ್ನು ನೋಡುವ ಆಸೆಯಿದೆ, ಆದರೆ ನಾನು ಅತ್ತದ್ದು ಒಡಿಸ್ಯೂಸ್‌ಗಾಗಿಯೇ ಹೆಚ್ಚು ಎಂದು ಅವನು ಹೇಳುತ್ತಾನೆ, ಎದುರಿಗೆ ಕುಳಿತಿರುವವನೇ ಒಡಿಸ್ಯೂಸ್ ಎಂದು ತಿಳಿಯದೆ. ಒಡೆಯನಿಗೆ ಮನೆ ಸಿಗಲೆಂದು ಈಟಿ ಹಿಡಿದು ಹೋರಾಡಿದ ಈ ಮನುಷ್ಯನಿಗೆ ತನ್ನ ಮನೆಗೆ ಮರಳುವ ದಾರಿ ಕಾವ್ಯದಲ್ಲಿ ಎಲ್ಲೂ ಇಲ್ಲ.

ದಂಪತಿ ಹಳೆಯ ಹಾಸಿಗೆಗೆ ಬಂದರು ಎಂಬ ಸಾಲಿಗೇ ಒಡಿಸ್ಸಿ ಮುಗಿಯಿತು ಎಂದು ಅಲೆಗ್ಸಾಂಡ್ರಿಯಾದ ಪಂಡಿತರಾದ ಅರಿಸ್ಟೊಫೇನಿಸ್ ಮತ್ತು ಅರಿಸ್ಟಾರ್ಕಸ್ ತೀರ್ಮಾನಿಸಿದ್ದರು. ನಾನು ಅವರ ಪಕ್ಷದವನಲ್ಲ. ಹಾಗೆ ಮಾಡಿದರೆ ತಂದೆ ಲೇರ್ಟಿಸ್‌ನ ತೋಟ ಕೈಬಿಟ್ಟು ಹೋಗುತ್ತದೆ. ಅಲ್ಲಿ ಗುರುತು ಕೇಳಿದ ಮುದುಕನಿಗೆ ಮಗ ಮೊದಲು ಕಲೆ ತೋರಿಸುತ್ತಾನೆ, ಆಮೇಲೆ ಲೆಕ್ಕ ಒಪ್ಪಿಸುತ್ತಾನೆ: ಚಿಕ್ಕವನಿದ್ದಾಗ ನಿನ್ನ ಹಿಂದೆ ಓಡಾಡುತ್ತ ಒಂದೊಂದು ಗಿಡದ ಹೆಸರು ಕೇಳುತ್ತಿದ್ದೆ, ನೀನು ನನಗೆ 13 ಪೇರು, 10 ಸೇಬು, 40 ಅಂಜೂರ ಕೊಟ್ಟೆ, 50 ಸಾಲು ದ್ರಾಕ್ಷಿ ಕೊಡುತ್ತೇನೆಂದೆ. ಟ್ರಾಯ್ ಗೆದ್ದ ಸುದ್ದಿಯನ್ನು ಅವನು ತಂದೆಯ ಮುಂದೆ ಎತ್ತುವುದೇ ಇಲ್ಲ.

ಪಂಡಿತರು ಹೇಳಿದ ಆ ಸಾಲಿಗೂ ಸ್ವಲ್ಪ ಮುಂಚೆ ಇನ್ನೊಂದು ಮಾತುಕತೆ ನಡೆಯುತ್ತದೆ. ನಮ್ಮ ಕಷ್ಟಗಳು ಮುಗಿದಿಲ್ಲ ಎನ್ನುತ್ತಾನೆ ಒಡಿಸ್ಯೂಸ್. ಏನೆಂದು ಈಗಲೇ ಹೇಳಿ, ಮುಂದಾದರೂ ತಿಳಿಯುವುದೇ ತಾನೆ ಎನ್ನುತ್ತಾಳೆ ಪೆನೆಲೊಪಿ. ಸತ್ತವರ ಲೋಕದಲ್ಲಿ ಕಾಲಜ್ಞಾನಿ ಟೈರೀಸಿಯಸ್ ನುಡಿದ ಭವಿಷ್ಯವನ್ನು ಅವನು ಹೇಳುತ್ತಾನೆ: ದೋಣಿಯ ಹುಟ್ಟನ್ನು ಹೆಗಲ ಮೇಲೆ ಹೊತ್ತು ಒಳನಾಡಿಗೆ ನಡೆಯುತ್ತ ಹೋಗಬೇಕು, ಕಡಲನ್ನೇ ಕಾಣದ, ಊಟಕ್ಕೆ ಉಪ್ಪು ಬೆರೆಸದ ಜನರ ನಾಡಿನಲ್ಲಿ ದಾರಿಹೋಕನೊಬ್ಬ ಅದನ್ನು ನೋಡಿ, ಕಾಳು ತೂರುವ ಸಲಿಕೆ ಹೊತ್ತು ಎಲ್ಲಿಗೆ ಹೊರಟೆ ಎಂದು ಕೇಳುವ ತನಕ. ಅಲ್ಲಿ ಹುಟ್ಟನ್ನು ನೆಲಕ್ಕೆ ನೆಟ್ಟು, ಕಡಲ ದೇವರು ಪೊಸೈಡನ್‌ಗೆ ಬಲಿ ಕೊಟ್ಟು ಮತ್ತೆ ಮನೆಗೆ ಬರಬೇಕು. ಅವರು ಹೀಗೆ ಮಾತನಾಡುತ್ತಿರುವಾಗ, ಪಂಜಿನ ಬೆಳಕಿನಲ್ಲಿ, ದಾಸಿಯರು ಆ ಮಂಚದ ಮೇಲೆ ಹಾಸಿಗೆ ಹಾಸುತ್ತಿದ್ದರು.