ಹೋದ ಕರೆಂಟ್ ವಾಪಸ್ ಬರಬೇಕು

ಕೇಳುಗರಿಗೆ ನಮಸ್ಕಾರ.

ಬ್ರೇಕ್ ಪೆಡಲ್ ಒತ್ತಿದ್ದೀರಿ. ನೀವು ಓಡಿಸುತ್ತಿರುವ ಮುಂದಿನ ಗಾಡಿ ನಿಧಾನವಾಗುತ್ತಿದೆ, ಹಿಂದೆ ಕಟ್ಟಿದ ಟ್ರೇಲರ್ ಮಾತ್ರ ಯಾರೋ ಬೆನ್ನಿಗೆ ಕೈಹಚ್ಚಿ ದೂಡಿದ ಹಾಗೆ ತಳ್ಳುತ್ತಲೇ ಇದೆ. ಎಲೆಕ್ಟ್ರಿಕ್ ಬ್ರೇಕ್ ಇರುವ ಟ್ರೇಲರ್ ಎಳೆಯುವವರಿಗೆ ಈ ತಳ್ಳಾಟ ಒಂದಲ್ಲ ಒಂದು ದಿನ ಗೊತ್ತಾಗಿರುತ್ತದೆ. ಆಗ ಎಲ್ಲರ ಕಣ್ಣೂ ಮೊದಲು ಹೋಗುವುದು ಡ್ಯಾಶ್‌ಬೋರ್ಡ್ ಕೆಳಗೆ ಕೂತು ಟ್ರೇಲರ್ ಬ್ರೇಕಿಗೆ ಕರೆಂಟ್ ಬಿಡುವ ಕಂಟ್ರೋಲರ್ ಕಡೆಗೆ. ಕಣ್ಣಿಗೆ ಕಾಣುವುದು ಅದೊಂದೇ ತಾನೆ. ನಾನೂ ಒಮ್ಮೆ ಅದನ್ನೇ ಬದಲಾಯಿಸಿ ಕೈ ಸುಟ್ಟುಕೊಂಡಿದ್ದೇನೆ. ಆ ಕತೆ ಆಮೇಲೆ.

ಮೊದಲು ಡ್ರಮ್ ಒಳಗೆ ನಡೆಯುವುದೇನು ಎಂದು ನೋಡೋಣ. ಪ್ರತಿ ಚಕ್ರದ ಡ್ರಮ್‌ನೊಳಗೆ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾದ ಒಂದು ಎಲೆಕ್ಟ್ರೋಮ್ಯಾಗ್ನೆಟ್ ಇರುತ್ತದೆ. ಅದು ಕೂತಿರುವುದು ಒಂದು ಸನ್ನೆಯ ತುದಿಯಲ್ಲಿ. ಕರೆಂಟ್ ಬಂದರೆ ಮ್ಯಾಗ್ನೆಟ್ ಡ್ರಮ್‌ನ ಒಳಮುಖಕ್ಕೆ ಅಂಟಿಕೊಳ್ಳುತ್ತದೆ. ತಿರುಗುತ್ತಿರುವ ಡ್ರಮ್ ಅದನ್ನು ತನ್ನ ಜೊತೆ ಎಳೆಯುತ್ತದೆ, ಸನ್ನೆ ವಾಲುತ್ತದೆ, ಬ್ರೇಕ್ ಶೂಗಳು ಅಗಲವಾಗಿ ಡ್ರಮ್ಮನ್ನು ಹಿಡಿಯುತ್ತವೆ. ಚಕ್ರವನ್ನು ನಿಲ್ಲಿಸುವ ಬಲ ಚಕ್ರದಿಂದಲೇ ಬರುತ್ತದೆ, ಕರೆಂಟ್ ಬರೀ ಆ ಬಲವನ್ನು ಎಬ್ಬಿಸುತ್ತದೆ. ನಿಂತ ಟ್ರೇಲರ್ ಪಕ್ಕ ಕಿವಿಗೊಟ್ಟರೆ ಮ್ಯಾಗ್ನೆಟ್‌ನ ಸಣ್ಣ ಗುಂಯ್‌ಗುಡುವ ಸದ್ದು ಕೇಳಬಹುದು, ಹಿಡಿತ ಗೊತ್ತಾಗಬೇಕಾದರೆ ಚಕ್ರ ತಿರುಗಲೇಬೇಕು. ಇನ್ನೊಂದು ಮಾತು: ಶೂಗಳ ಹೊಂದಾಣಿಕೆ ಸಡಿಲವಾಗಿದ್ದರೆ ವೈರಿಂಗ್ ಎಷ್ಟೇ ಚೆನ್ನಾಗಿದ್ದರೂ ಬ್ರೇಕ್ ಹಿಡಿಯುವುದಿಲ್ಲ. ಜಾಕ್ ಹಾಕಿ, ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು, ಅದನ್ನು ಮೊದಲು ಸರಿಮಾಡಿಕೊಳ್ಳಿ. ಇಲ್ಲದಿದ್ದರೆ ಇಲ್ಲದ ವೈರಿಂಗ್ ದೋಷವನ್ನು ದಿನವಿಡೀ ಹುಡುಕುತ್ತೀರಿ.

ಇನ್ನು ವೈರು. ಉತ್ತರ ಅಮೆರಿಕದಲ್ಲೂ ಆಸ್ಟ್ರೇಲಿಯಾದಲ್ಲೂ ಬಳಕೆಯಲ್ಲಿರುವ ಏಳು ಪಿನ್ನಿನ ಪ್ಲಗ್‌ಗಳಲ್ಲಿ ಸಾಮಾನ್ಯವಾಗಿ ನೀಲಿ ವೈರು ಬ್ರೇಕಿಗೆ, ಬಿಳಿ ವೈರು ಅರ್ತ್‌ಗೆ. ನೀಲಿಯಲ್ಲಿ ಕರೆಂಟ್ ಹೋಗುತ್ತದೆ, ಬಿಳಿಯಲ್ಲಿ ವಾಪಸ್ ಬರುತ್ತದೆ. ನೀಲಿಯ ಬಗ್ಗೆ ಎಲ್ಲರಿಗೂ ಕಾಳಜಿ, ಬಿಳಿಯನ್ನು ಕೇಳುವವರಿಲ್ಲ. ನಾನು ಬಿಚ್ಚಿ ನೋಡಿದ ಟ್ರೇಲರ್‌ಗಳಲ್ಲಿ ಹೆಚ್ಚಿನವು ಕೆಟ್ಟದ್ದು ಬಿಳಿಯಲ್ಲೇ. ಚಾಸಿಸ್‌ಗೆ ಒಂದು ಸ್ಕ್ರೂ ಹಾಕಿ ಬಿಗಿದಿರುತ್ತಾರೆ, ಅದರಡಿ ಬಣ್ಣ, ಬಣ್ಣದಡಿ ತುಕ್ಕು. ಇಲ್ಲವೆಂದರೆ ಪ್ಲಗ್ ಒಳಗಿನ ಪಿನ್ನಿಗೆ ಹಸಿರು ಕಿಲುಬು ಹಿಡಿದಿರುತ್ತದೆ.

ಬಿಳಿ ವೈರು ಪೂರ್ತಿ ಕಡಿದುಹೋದರೂ ಬ್ರೇಕ್ ಪೂರ್ತಿ ಸಾಯುವುದಿಲ್ಲ. ಕರೆಂಟ್ ಬೇರೆ ದಾರಿ ಹುಡುಕಿಕೊಳ್ಳುತ್ತದೆ: ಚಾಸಿಸ್, ಅಲ್ಲಿಂದ ಟ್ರೇಲರನ್ನು ಕೊಂಡಿ ಹಾಕುವ ಹಿಚ್ಚಿನ ಗುಂಡು, ಅಲ್ಲಿಂದ ಮುಂದಿನ ಗಾಡಿ. ಆ ಗುಂಡಿಗೆ ನಾವು ಗ್ರೀಸ್ ಬಳಿದಿರುತ್ತೇವೆ, ಅದು ಸದಾ ಅಲುಗಾಡುತ್ತಲೂ ಇರುತ್ತದೆ. ಹಾಗಾಗಿ ಗುಂಡಿ ಬಿದ್ದ ರಸ್ತೆಯಲ್ಲಿ ಬ್ರೇಕ್ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ಇಂಡಿಕೇಟರ್ ಹಾಕಿದರೆ ಟೇಲ್ ಲ್ಯಾಂಪ್ ಮಿಣುಕುತ್ತದೆ. ಈ ಎರಡೂ ಜೊತೆಗೆ ಕಂಡರೆ ಬೇರೇನೂ ಯೋಚಿಸದೆ ಅರ್ತ್ ನೋಡಿ.

ಈಗ ಮಲ್ಟಿಮೀಟರ್ ಕೈಗೆತ್ತಿಕೊಳ್ಳೋಣ. ಪ್ಲಗ್ ಕಳಚಿ. 10 ಮತ್ತು 12 ಇಂಚಿನ ಬ್ರೇಕುಗಳ ಒಂದು ಮ್ಯಾಗ್ನೆಟ್‌ನ ರೆಸಿಸ್ಟೆನ್ಸ್, ಅಂದರೆ ಅದು ಕರೆಂಟಿಗೆ ಒಡ್ಡುವ ಅಡ್ಡಿ, ಸುಮಾರು 3.2 ಓಮ್. ನಾಲ್ಕು ಚಕ್ರಕ್ಕೂ ಬ್ರೇಕ್ ಇದ್ದರೆ ನಾಲ್ಕೂ ಪ್ಯಾರಲಲ್ ಜೋಡಣೆ, ಅಂದರೆ 3.2ನ್ನು 4ರಿಂದ ಭಾಗಿಸಿ, 0.8 ಓಮ್. ಒಂದು ಮ್ಯಾಗ್ನೆಟ್‌ನ ವೈರು ಕಡಿದಿದ್ದರೆ ಅದು 1.07 ಆಗುತ್ತದೆ, ಎರಡು ಹೋದರೆ 1.6. ಪ್ಲಗ್‌ನ ನೀಲಿ, ಬಿಳಿ ಪಿನ್ನುಗಳ ನಡುವೆ ಅಳೆದಾಗ ಮೀಟರ್ ಓಪನ್ ಎಂದರೆ ದಾರಿಯೇ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್. ಆದರೆ ಜಾಗ್ರತೆ, ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೇ ಕೆಲವು ಮೀಟರುಗಳು 0.2, 0.3 ಓಮ್ ತೋರಿಸುತ್ತವೆ. ಆ ಲೆಕ್ಕ ಕಳೆಯದಿದ್ದರೆ ಸರಿಯಿರುವ ಟ್ರೇಲರ್‌ನಲ್ಲಿ ಒಂದು ಮ್ಯಾಗ್ನೆಟ್ ಸತ್ತಿದೆ ಎಂದು ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಅದಕ್ಕೇ ನನಗೆ ಓಮ್‌ಗಿಂತ ಆಂಪ್ಸ್ ಮೇಲೆ ನಂಬಿಕೆ. 12 ವೋಲ್ಟಿನ ಬ್ಯಾಟರಿಯಿಂದ ನೇರವಾಗಿ ನೀಲಿ ವೈರಿಗೆ, ನಡುವೆ ಫ್ಯೂಸ್ ಹಾಕಿ, ಕರೆಂಟ್ ಕೊಡಿ, ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಹಾಕಿ ನೋಡಿ. ಒಂದೊಂದು ಮ್ಯಾಗ್ನೆಟ್ 3 ಆಂಪ್ಸ್‌ಗೂ ತುಸು ಹೆಚ್ಚು ಎಳೆಯಬೇಕು, ನಾಲ್ಕಕ್ಕೆ 12 ಆಂಪ್ಸ್‌ನ ಮೇಲೆ. ಸಾಮಾನ್ಯ ಮಲ್ಟಿಮೀಟರಿನ 10 ಆಂಪ್ಸ್ ತೂತಿನಲ್ಲಿ ಇದನ್ನು ಅಳೆಯಲು ಹೋಗಬೇಡಿ, ಒಳಗಿನ ಫ್ಯೂಸ್ ಹಾರಿಹೋಗುತ್ತದೆ. ಪ್ರತಿ ಮ್ಯಾಗ್ನೆಟ್‌ನ ವೈರಿಗೆ ಬೇರೆ ಬೇರೆ ಕ್ಲಾಂಪ್ ಹಾಕಿದರೆ ಯಾರು ಕೆಲಸಗಳ್ಳ ಎಂಬುದು ಒಂದೇ ನಿಮಿಷದಲ್ಲಿ ಸಿಗುತ್ತದೆ.

ವೋಲ್ಟ್ ಮೀಟರ್ ಹೇಳುವ ಸುಳ್ಳಿನ ಬಗ್ಗೆಯೂ ಹೇಳಬೇಕು. ಮ್ಯಾಗ್ನೆಟ್ ಕಳಚಿಟ್ಟು ವೈರಿನ ತುದಿಯಲ್ಲಿ ಅಳೆದರೆ 12 ವೋಲ್ಟ್ ತೋರುತ್ತದೆ, ಎಲ್ಲ ಸರಿಯಿದೆ ಅನಿಸುತ್ತದೆ. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಬರದಷ್ಟು, ಹಾಗಾಗಿ ಒಂದೇ ಒಂದು ಎಳೆ ತಂತಿ ಉಳಿದಿದ್ದರೂ ಅದಕ್ಕೆ 12 ವೋಲ್ಟ್ ಸಿಗುತ್ತದೆ. ಮ್ಯಾಗ್ನೆಟ್ ಜೋಡಿಸಿ ನೋಡಿ. ಕಿಲುಬು ಹಿಡಿದ ಪಿನ್ನಿನಲ್ಲಿ ಬರೀ 0.2 ಓಮ್ ಹೆಚ್ಚುವರಿ ಅಡ್ಡಿ ಇದೆ ಎಂದುಕೊಳ್ಳಿ. 0.8ಕ್ಕೆ 0.2 ಸೇರಿ 1 ಓಮ್, 12 ಆಂಪ್ಸ್ ಹರಿಯುತ್ತದೆ, ಪಿನ್ನಿನಲ್ಲೇ 2.4 ವೋಲ್ಟ್ ಕರಗಿಹೋಗುತ್ತದೆ. ಮ್ಯಾಗ್ನೆಟ್‌ಗೆ ಸಿಗುವುದು 9.6. ಐದರಲ್ಲಿ ಒಂದು ಪಾಲು ಪಿನ್ನನ್ನು ಬಿಸಿ ಮಾಡುವುದಕ್ಕೇ ಹೋಯಿತು. ಆದ್ದರಿಂದ ಬ್ರೇಕಿಗೆ ಕರೆಂಟ್ ಹರಿಯುತ್ತಿರುವಾಗಲೇ, ಮೀಟರಿನ ಒಂದು ಕಡ್ಡಿಯನ್ನು ಮ್ಯಾಗ್ನೆಟ್‌ನ ಅರ್ತ್ ಜೋಡಣೆಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿಯಿರಿ. ಅರ್ಧ ವೋಲ್ಟ್ ದಾಟಿದರೆ ವಾಪಸ್ ದಾರಿಯಲ್ಲಿ ಎಲ್ಲೋ ಅಡ್ಡಿಯಿದೆ ಎಂದೇ ತಿಳಿಯಿರಿ.

ಕಂಟ್ರೋಲರಿನ ಔಟ್‌ಪುಟ್ ಅಳೆಯುವಾಗ ಇನ್ನೊಂದು ತೊಡಕು. ಹೊಸ ಕಂಟ್ರೋಲರುಗಳು ಕರೆಂಟನ್ನು ಏಕಧಾರೆಯಾಗಿ ಬಿಡುವುದಿಲ್ಲ, ತುಂಡು ತುಂಡಾಗಿ, ಅತಿ ವೇಗದಲ್ಲಿ ಆನ್-ಆಫ್ ಮಾಡುತ್ತ ಬಿಡುತ್ತವೆ. ಮೀಟರ್ ಇದಕ್ಕೆ ತಬ್ಬಿಬ್ಬಾಗಿ ಏನೇನೋ ಅಂಕಿ ತೋರಿಸಬಹುದು. ಅಲ್ಲಿ ನನಗೆ ಹಳೇ ಕಾಲದ ಟೆಸ್ಟ್ ಲ್ಯಾಂಪೇ ವಾಸಿ: 21 ವ್ಯಾಟಿನ ಸ್ಟಾಪ್ ಲೈಟ್ ಬಲ್ಬ್, ಎರಡು ವೈರು. ಕಂಟ್ರೋಲರಿನಲ್ಲಿ ಕೈಯಿಂದ ಒತ್ತುವ ಲಿವರನ್ನು ನಿಧಾನವಾಗಿ ಸರಿಸಿದಂತೆ ಬಲ್ಬಿನ ಬೆಳಕು ಏರಬೇಕು. ಏರಿದರೆ ಕಂಟ್ರೋಲರನ್ನು ಬಿಟ್ಟುಬಿಡಿ, ಅದರ ತಪ್ಪಿಲ್ಲ.

ದೋಷ ಮುಂದಿನ ಗಾಡಿಯಲ್ಲೋ ಟ್ರೇಲರ್‌ನಲ್ಲೋ ಎಂದು ಬೇರ್ಪಡಿಸಲು ಒಂದು ಚೊಕ್ಕ ಉಪಾಯವಿದೆ. ಟ್ರೇಲರ್ ಕಳಚಿಕೊಂಡರೆ ತಾನೇ ನಿಲ್ಲಲೆಂದು ಅದರ ಮೂತಿಯಲ್ಲಿ ಬ್ರೇಕ್‌ಅವೇ ಸ್ವಿಚ್ ಇರುತ್ತದಲ್ಲ, ಪ್ಲಗ್ ಕಳಚಿ ಆ ಸ್ವಿಚ್ಚಿನ ಪಿನ್ ಎಳೆಯಿರಿ. ಪ್ಲಗ್ ಕಳಚುವುದು ಮರೆಯಬೇಡಿ, ಇಲ್ಲದಿದ್ದರೆ ಟ್ರೇಲರ್‌ನ ಬ್ಯಾಟರಿಯ ಕರೆಂಟ್ ಹಿಂದಕ್ಕೆ ಹರಿದು ಕಂಟ್ರೋಲರಿಗೆ ಏಟು ಬೀಳಬಹುದು. ಈಗ ಜಾಕ್ ಮೇಲಿನ ಚಕ್ರ ತಿರುಗಿಸಿದರೆ ಬಿಗಿಯಾಗಿ ಹಿಡಿಯಬೇಕು. ಹಿಡಿದರೆ ಆ ಚಕ್ರದ ಮ್ಯಾಗ್ನೆಟ್, ಅದಕ್ಕೆ ಟ್ರೇಲರ್‌ನ ಬ್ಯಾಟರಿಯಿಂದ ಬರುವ ವೈರು ಸರಿ. ಈ ಪರೀಕ್ಷೆಯಲ್ಲಿ ಕರೆಂಟ್ ಟ್ರೇಲರ್‌ನ ಬ್ಯಾಟರಿಯಿಂದ ಹೊರಟು ಅದೇ ಬ್ಯಾಟರಿಗೆ ಮರಳುತ್ತದೆ, ಪ್ಲಗ್ ದಾಟುವುದೇ ಇಲ್ಲ. ಹಾಗಾಗಿ ಇಲ್ಲಿ ಹಿಡಿದು, ರಸ್ತೆಯಲ್ಲಿ ಹಿಡಿಯದಿದ್ದರೆ, ಪ್ಲಗ್‌ನ ಆ ಎರಡು ಪಿನ್ನುಗಳೇ ಮೊದಲ ಅನುಮಾನ. ಪರೀಕ್ಷೆ ಮುಗಿದ ಕೂಡಲೇ ಪಿನ್ ವಾಪಸ್ ಹಾಕಿ, ಬ್ಯಾಟರಿ ಬೇಗ ಇಳಿದುಹೋಗುತ್ತದೆ.

ಈಗ ನನ್ನ ಕತೆ. ಖಾಲಿ ಇದ್ದಾಗ ಬ್ರೇಕ್ ಚೆನ್ನಾಗಿ ಹಿಡಿಯುತ್ತಿದ್ದ ಟ್ರೇಲರ್ ಅದು. ಹೊರೆ ಹೇರಿ ಹಳ್ಳದಿಣ್ಣೆಯಲ್ಲಿ ಬ್ರೇಕ್ ಒತ್ತಿದರೆ ಕಂಟ್ರೋಲರ್ ಒಂದು ಕ್ಷಣ ಶಾರ್ಟ್ ಎಂದು ಮಿನುಗಿ ಸುಮ್ಮನಾಗುತ್ತಿತ್ತು. ಕಂಟ್ರೋಲರ್ ಬದಲಿಸಿದೆ. ಹೊಸದೂ ಅದನ್ನೇ ಹೇಳಿತು. ಪ್ಲಗ್ ಬದಲಿಸಿದೆ. ಅದೇ. ಕೊನೆಗೆ ಆಕ್ಸಲ್ ಹತ್ತಿರ ಅಂಗಾತ ಮಲಗಿ, ಎಡ ಚಕ್ರದಿಂದ ಬಲ ಚಕ್ರಕ್ಕೆ ಟೊಳ್ಳು ಆಕ್ಸಲ್ ಒಳಗಿಂದ ಹಾದುಹೋಗುವ ವೈರನ್ನು ಎರಡೂ ತುದಿಯಲ್ಲಿ ಕಳಚಿದೆ. ಒಂದು ಕಡ್ಡಿ ವೈರಿಗೆ, ಇನ್ನೊಂದು ಆಕ್ಸಲ್ ಕಬ್ಬಿಣಕ್ಕೆ. ಮೀಟರ್ ಓಪನ್ ಎಂದಿತು. ಇನ್ನೇನು ಏಳಬೇಕು, ಕೈತಗುಲಿ ವೈರು ಒಂದಿಷ್ಟು ಜಗ್ಗಿತು. ಮೀಟರ್ ಬೀಪ್ ಎಂದಿತು. ಹೊರಗೆ ಎಳೆದು ನೋಡಿದರೆ, ಕೊಳವೆಯ ಬಾಯಿಯ ಅಂಚಿಗೆ ಉಜ್ಜಿ ಉಜ್ಜಿ ಉಗುರಿನಷ್ಟು ಉದ್ದ ಸಿಪ್ಪೆ ಸುಲಿದು ತಾಮ್ರ ಫಳಫಳ ಹೊಳೆಯುತ್ತಿತ್ತು. ಹೊರೆ ಬಿದ್ದು ಟ್ರೇಲರ್ ಕುಲುಕಿದಾಗ ಮಾತ್ರ ಅದು ಕಬ್ಬಿಣಕ್ಕೆ ತಾಗುತ್ತಿತ್ತು. ಆ ವೈರಿಗೆ ಟೇಪ್ ಸುತ್ತಲು ಹೋಗಲಿಲ್ಲ. ಕೊಳವೆಯನ್ನು ಖಾಲಿ ಬಿಟ್ಟು, ಹೊಸ ದಪ್ಪ ವೈರನ್ನು ಕವಚದೊಳಗೆ ಹಾಕಿ ಆಕ್ಸಲ್ ಹೊರಗಡೆ ಕಟ್ಟಿದೆ.

ಜೋಡಣೆಯ ವಿಷಯದಲ್ಲಿ ನಾನು ಹಠಮಾರಿ. ವೈರನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್‌ಗಳನ್ನು ಗಾಡಿಯ ಕೆಳಗೆ ಹಾಕಲೇ ಕೂಡದು, ಒಂದು ಮಳೆಗಾಲ ಕಳೆಯುವುದರೊಳಗೆ ಒಳಗೆ ನೀರು ನಿಂತು ಕಿಲುಬು ಹಿಡಿಯುತ್ತದೆ. ಕ್ರಿಂಪ್ ಮಾಡಿ, ಬಿಸಿಗೆ ಕುಗ್ಗಿ ಅಂಟುವ ಕೊಳವೆಯಿಂದ ಮುಚ್ಚಿ. ಮ್ಯಾಗ್ನೆಟ್‌ನ ಎರಡು ವೈರುಗಳಲ್ಲಿ ಪ್ಲಸ್ ಯಾವುದು ಮೈನಸ್ ಯಾವುದು ಎಂಬ ಚಿಂತೆ ಬೇಡ, ಹೇಗೆ ಕೊಟ್ಟರೂ ಒಂದೇ.

ಎಲ್ಲ ಮುಗಿದ ಮೇಲೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಎಳೆಯುತ್ತ, ಕೈ ಲಿವರ್‌ನಿಂದ ಟ್ರೇಲರ್ ಬ್ರೇಕ್ ಮಾತ್ರ ಐದಾರು ಸಲ ಹಾಕಿ ನಿಲ್ಲಿಸಿ. ಇಳಿದು ಹೋಗಿ ಪ್ರತಿ ಡ್ರಮ್ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಮೂರರಿಂದ ಶಾಖ ಬಂದು ಒಂದು ತಣ್ಣಗಿದ್ದರೆ ಮತ್ತೆ ಜಾಕ್ ಹಾಕಿ, ಆ ಚಕ್ರದ ಅರ್ತ್‌ನಿಂದಲೇ ಶುರುಮಾಡಿ.

ನಮಸ್ಕಾರ.