ದತ್ತ, ಸಾಧನೀಯ ಮತ್ತು ಮಿಟುಕುವ ಕರ್ಸರ್

ಎಲ್ಲರಿಗೂ ನಮಸ್ಕಾರ.

ಹತ್ತನೇ ಕ್ಲಾಸಿನ ಜ್ಯಾಮಿತಿ ನೆನಪಿದೆಯಾ? ಪೈಥಾಗೊರಸ್ ಪ್ರಮೇಯ ಬರೆಯಿರಿ ಅಂದರೆ ಮೊದಲು ಚಿತ್ರ. ಆಮೇಲೆ ದತ್ತ, ಸಾಧನೀಯ, ರಚನೆ, ಸಾಧನೆ. ಒಂದೊಂದಕ್ಕೂ ಇಷ್ಟಿಷ್ಟು ಅಂಕ. ಸಾಧನೆಯ ನಡುವೆ ನಾನು ಒಂದು ಹೆಜ್ಜೆ ಹಾರಿಸಿದರೂ ನಮ್ಮ ಮೇಷ್ಟ್ರು ಕೆಲವು ಸಲ ಸರಿ ಗುರುತು ಹಾಕಿಬಿಡುತ್ತಿದ್ದರು. ಪಾಪ, ಅಷ್ಟೊಂದು ಪೇಪರ್ ನೋಡಬೇಕಲ್ಲ.

ಒಂದೇ ಒಂದು ಹೆಜ್ಜೆಯನ್ನೂ ಹಾರಿಸಲು ಬಿಡದ ಮೇಷ್ಟ್ರೊಬ್ಬರನ್ನು ಇವತ್ತು ಪರಿಚಯ ಮಾಡಿಸುತ್ತೇನೆ. ಇದು ಥಿಯರಮ್ ಪ್ರೂವರ್ ಅನ್ನೋ ಸಾಫ್ಟ್‌ವೇರ್. ನಾವು ಪ್ರಮೇಯ ಹೇಳಬೇಕು, ಹೆಜ್ಜೆಗಳನ್ನೂ ಹೇಳಬೇಕು. ಪ್ರತಿ ಹೆಜ್ಜೆ ಸರಿಯೋ ತಪ್ಪೋ ಅಂತ ಅದು ನೋಡುತ್ತದೆ. ಇದಕ್ಕೆ ಬಣ್ಣಬಣ್ಣದ ಎಡಿಟರ್‌ಗಳಿವೆ, ಗೊತ್ತು. ಆದರೂ ಹೊಸಬರು ಮೊದಲ ಒಂದು ವಾರ ಬರೀ ಟರ್ಮಿನಲ್‌ನಲ್ಲಿ ಕೂತು, ಒಂದೊಂದೇ ಸಾಲು ಟೈಪ್ ಮಾಡಿ ಇದರ ಜೊತೆ ಮಾತಾಡಬೇಕು ಅನ್ನೋದು ನನ್ನ ಹಠ. ಯಾಕೆ ಅಂತ ತೋರಿಸುತ್ತೇನೆ.

ನಾನು ಬಳಸುವುದರ ಹೆಸರು ಕಾಕ್. 1984ರಲ್ಲಿ ಫ್ರಾನ್ಸಿನ ಇನ್ರಿಯಾ ಸಂಶೋಧನಾ ಸಂಸ್ಥೆಯಲ್ಲಿ ಥಿಯರಿ ಕೊಕಾಂ ಮತ್ತು ಜೆರಾರ್ ಉಯೆ ಇದರ ಕೆಲಸ ಶುರು ಮಾಡಿದರು. ಫ್ರೆಂಚಿನಲ್ಲಿ ಕಾಕ್ ಅಂದರೆ ಹುಂಜ. ನಮ್ಮ ಕಿವಿಗೆ ಕಾಗೆಯ ನೆನಪಾಗುತ್ತದೆ. ಇಂಗ್ಲಿಷ್ ಮಾತಾಡುವ ಕಡೆ ಈ ಹೆಸರು ಹೇಳಿದರೆ ಜನ ಮುಸಿಮುಸಿ ನಗುತ್ತಿದ್ದರು. ಕೊನೆಗೆ 2025ರಲ್ಲಿ ಹೆಸರನ್ನೇ ರಾಕ್ ಅಂತ ಬದಲಾಯಿಸಿದರು. ಅದು ಹುಟ್ಟಿದ ಊರು ರಾಕನ್‌ಕೂರ್, ಕಥೆಗಳಲ್ಲಿ ಬರುವ ದೈತ್ಯ ಹಕ್ಕಿಯ ಹೆಸರೂ ರಾಕ್. ನನ್ನ ನಾಲಿಗೆ ಇನ್ನೂ ಹಳೇ ಹೆಸರಿಗೇ ಒಗ್ಗಿದೆ, ಕ್ಷಮಿಸಿ.

ಟರ್ಮಿನಲ್‌ನಲ್ಲಿ ಕಾಕ್‌ಟಾಪ್ ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಒಂದು ಪ್ರಾಂಪ್ಟ್ ಬರುತ್ತದೆ. ಮೆನು ಇಲ್ಲ, ಬಟನ್ ಇಲ್ಲ. ಕರ್ಸರ್ ಮಿಟುಕುತ್ತಾ ಕಾಯುತ್ತಿರುತ್ತದೆ. ಈಗ ಒಂದು ಚಿಕ್ಕ ಪ್ರಮೇಯ ಕೊಡೋಣ: ಯಾವ ಸಂಖ್ಯೆಗೆ ಸೊನ್ನೆ ಕೂಡಿದರೂ ಅದೇ ಸಂಖ್ಯೆ. ಬಲಗಡೆ ಸೊನ್ನೆ ಇರುವುದರಿಂದ ಇದಕ್ಕೆ ಬಲಸೊನ್ನೆ ಅಂತ ಹೆಸರಿಡೋಣ. ನಿಜವಾದ ಪರದೆಯಲ್ಲಿ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ. ಓದಲು ಸುಲಭವಾಗಲಿ ಅಂತ ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದೇನೆ.

ಪ್ರಮೇಯ ಕೊಟ್ಟ ಕೂಡಲೇ ಪ್ರಾಂಪ್ಟಿನ ಹೆಸರೇ ಬಲಸೊನ್ನೆ ಅಂತ ಬದಲಾಗುತ್ತದೆ. ಅಂದರೆ ಈಗ ನೀವು ಸಾಧನೆಯ ಒಳಗಿದ್ದೀರಿ. ಇಂಟ್ರೋಸ್ ಎನ್ ಅಂತ ಟೈಪ್ ಮಾಡಿ. ಗಣಿತದಲ್ಲಿ "ಎನ್ ಒಂದು ಸಂಖ್ಯೆಯಾಗಿರಲಿ" ಅನ್ನುತ್ತೇವಲ್ಲ, ಅದೇ ಇದು. ಪರದೆ ಹೀಗೆ ಕಾಣುತ್ತದೆ:

ಎನ್ : ನ್ಯಾಟ್
============================
ಎನ್ + 0 = ಎನ್

ನೋಡಿ, ಗೆರೆಯ ಮೇಲಿರುವುದು ದತ್ತ, ಕೆಳಗಿರುವುದು ಸಾಧನೀಯ. ಬರೆಯಬೇಕಾದದ್ದು ಸಾಧನೆ. ನಮ್ಮ ಹತ್ತನೇ ಕ್ಲಾಸಿನ ನೋಟ್‌ಬುಕ್ಕೇ ಇದು, ಅಲ್ವಾ? (ನ್ಯಾಟ್ ಅಂದರೆ 0, 1, 2 ಹೀಗೆ ಸಾಗುವ ಸ್ವಾಭಾವಿಕ ಸಂಖ್ಯೆ.) ಒಂದೇ ವ್ಯತ್ಯಾಸ. ನೋಟ್‌ಬುಕ್ಕಿನಲ್ಲಿ ದತ್ತ ಬರೆದು ಮುಂದೆ ಹೋದರೆ ಅದು ಅಲ್ಲೇ ಉಳಿಯುತ್ತದೆ. ಇಲ್ಲಿ ನೀವು ಒಂದು ಸಾಲು ಹೇಳಿದಾಗಲೆಲ್ಲ ಗೆರೆಯ ಮೇಲೂ ಕೆಳಗೂ ಏನು ಉಳಿದಿದೆ ಅಂತ ಹೊಸದಾಗಿ ಬರೆದು ತೋರಿಸುತ್ತದೆ.

ಈಗ ಅವಸರದ ಹುಡುಗ ಮಾಡುವಂತೆ ಮಾಡೋಣ. "ಇದರಲ್ಲೇನಿದೆ, ಎರಡೂ ಕಡೆ ಒಂದೇ" ಅಂತ ರಿಫ್ಲೆಕ್ಸಿವಿಟಿ ಕೊಡೋಣ. ಕಾಕ್ ಒಪ್ಪುವುದಿಲ್ಲ. ಎನ್ ಅನ್ನೂ ಎನ್ + 0 ಅನ್ನೂ ಒಂದು ಮಾಡಲು ಆಗಲಿಲ್ಲ ಅಂತ ಎರರ್ ಕೊಡುತ್ತದೆ.

ಇಲ್ಲಿ ನಾನು ತುಂಬ ಹೊತ್ತು ನಿಂತಿದ್ದೆ. ಆಶ್ಚರ್ಯ ಏನೆಂದರೆ, 0 + ಎನ್ = ಎನ್ ಅಂತ ಕೇಳಿದ್ದರೆ ಅದೇ ರಿಫ್ಲೆಕ್ಸಿವಿಟಿಗೆ ಕಾಕ್ ತಕ್ಷಣ ಒಪ್ಪುತ್ತಿತ್ತು. ಸೊನ್ನೆ ಎಡಕ್ಕಿದ್ದರೆ ಸರಿ, ಬಲಕ್ಕೆ ಬಂದರೆ ತಕರಾರು. ಯಾಕೆ? ಕೂಡುವುದು ಅಂದರೆ ಏನು ಅಂತ ಅದಕ್ಕೆ ಹೇಳಿಕೊಟ್ಟ ರೀತಿಯೇ ಹಾಗಿದೆ. ಎಡಗಡೆಯ ಸಂಖ್ಯೆಯನ್ನು ಈರುಳ್ಳಿ ಸಿಪ್ಪೆಯಂತೆ ಒಂದೊಂದೇ ಸುಲಿಯುತ್ತಾ ಹೋಗು, ಸೊನ್ನೆ ಬಂದಾಗ ನಿಲ್ಲು ಅನ್ನೋದು ಅದರ ವಿವರಣೆ. ಎಡಕ್ಕೆ ಸೊನ್ನೆಯೇ ಇದ್ದರೆ ಸುಲಿಯಲು ಏನೂ ಇಲ್ಲ, ಲೆಕ್ಕ ಮುಗಿಯಿತು. ಎಡಕ್ಕೆ ಎನ್ ಇದ್ದರೆ? ಅದು ಎಷ್ಟು ಅಂತ ಯಾರಿಗೆ ಗೊತ್ತು? ಸುಲಿಯೋದು ಎಲ್ಲಿಂದ? ಹಾಗಾಗಿ ಕೈಕಟ್ಟಿ ಕೂತುಬಿಡುತ್ತದೆ.

ಇಷ್ಟು ಅರ್ಥವಾದರೆ ಮುಂದಿನ ದಾರಿ ತಾನಾಗಿಯೇ ತೋರುತ್ತದೆ. ಎನ್ ಏನು ಅಂತ ಬಿಡಿಸಿ ಹೇಳಬೇಕು: ಒಂದೋ ಸೊನ್ನೆ, ಇಲ್ಲವೇ ಯಾವುದೋ ಸಂಖ್ಯೆಯ ಮುಂದಿನದು. ಇಂಡಕ್ಷನ್ ಎನ್ ಅಂತ ಟೈಪ್ ಮಾಡಿದರೆ ಒಂದು ಗುರಿ ಒಡೆದು ಎರಡಾಗುತ್ತದೆ. ಮೊದಲನೆಯದು 0 + 0 = 0. ಇದಕ್ಕೆ ಆ ಹಳೇ ರಿಫ್ಲೆಕ್ಸಿವಿಟಿಯೇ ಸಾಕು. ಎರಡನೆಯದರಲ್ಲಿ ಗೆರೆಯ ಮೇಲೆ ಹೊಸ ದತ್ತವೊಂದು ಬಂದು ಕೂತಿರುತ್ತದೆ: ಎನ್‌ಗೆ ಈ ಮಾತು ನಿಜ. ಕೆಳಗೆ, ಅದರ ಮುಂದಿನ ಸಂಖ್ಯೆಗೂ ನಿಜ ಅಂತ ತೋರಿಸು. ಸಿಂಪ್ಲ್ ಅಂದರೆ ಒಂದು ಸಿಪ್ಪೆ ಸುಲಿಯುತ್ತದೆ. ರೀರೈಟ್ ಕೊಟ್ಟರೆ ಮೇಲಿನ ದತ್ತವನ್ನು ಕೆಳಗೆ ಬಳಸುತ್ತದೆ. ಈಗ ಎರಡೂ ಕಡೆ ಅಚ್ಚು ಹೊಡೆದಂತೆ ಒಂದೇ. ಮತ್ತೆ ರಿಫ್ಲೆಕ್ಸಿವಿಟಿ, ಗುರಿಗಳೆಲ್ಲ ಖಾಲಿ. ಕೊನೆಗೆ ಕ್ಯೂಇಡಿ ಅಂದಾಗ ಕಾಕ್‌ನ ಒಳಗಿನ ಕರ್ನಲ್, ಅಂದರೆ ಸಾಧನೆ ಪರೀಕ್ಷಿಸುವ ತಿರುಳು ಭಾಗ, ಇಡೀ ಸಾಧನೆಯನ್ನು ಮೊದಲಿಂದ ಇನ್ನೊಮ್ಮೆ ಪರೀಕ್ಷಿಸಿ ದಾಖಲು ಮಾಡಿಕೊಳ್ಳುತ್ತದೆ.

ಎಡಿಟರ್‌ನಲ್ಲಿ ಕೂತವರು ಈ ಎರರ್ ಬಂದಾಗ ಏನು ಮಾಡುತ್ತಾರೆ ಗೊತ್ತಾ? ಪಕ್ಕದ ಫೈಲಿನಿಂದ ಹತ್ತು ಸಾಲು ತಂದು ಅಂಟಿಸಿ, ಕೆಂಪು ಗೆರೆ ಹೋಗುವವರೆಗೆ ಅಲ್ಲಾಡಿಸುತ್ತಾರೆ. ನಾನೂ ಮಾಡಿದ್ದೇನೆ. ಪ್ರಾಂಪ್ಟಿನ ಮುಂದೆ ಆ ಆಟ ನಡೆಯುವುದಿಲ್ಲ. ಒಂದು ಸಾಲು ಹೇಳಬೇಕು, ಉತ್ತರ ಓದಬೇಕು. ಓದದೆ ಮುಂದಿನ ಸಾಲು ಹೊಳೆಯುವುದೇ ಇಲ್ಲ.

ಈ ಮಾತುಕತೆಯ ಶೈಲಿ ಎಲ್ಲಿಂದ ಬಂತು ಅನ್ನೋದು ಒಳ್ಳೆಯ ಕಥೆ. 1970ರ ದಶಕದ ಆರಂಭದಲ್ಲಿ ರಾಬಿನ್ ಮಿಲ್ನರ್ ಸ್ಟ್ಯಾನ್‌ಫರ್ಡ್‌ನಲ್ಲಿ ಎಲ್‌ಸಿಎಫ್ ಅನ್ನೋ ಪ್ರೂವರ್ ಕಟ್ಟಿದರು. ಗುರಿ ಕೊಡು, ಅದನ್ನು ಚಿಕ್ಕ ಗುರಿಗಳಾಗಿ ಒಡೆ ಅನ್ನೋ ಕ್ರಮ ಅದರಲ್ಲೇ ಇತ್ತು. ಆದರೆ ಸಾಧನೆಯ ಪ್ರತಿ ಹೆಜ್ಜೆಯನ್ನೂ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಿತ್ತು. ಆ ಕಾಲದ ಯಂತ್ರಗಳಲ್ಲಿ ಜಾಗ ಬೇಗ ತುಂಬಿಹೋಗುತ್ತಿತ್ತು. ಮುಂದೆ ಎಡಿನ್‌ಬರೋಗೆ ಹೋದ ಮಿಲ್ನರ್ ಮತ್ತು ಸಂಗಡಿಗರು ಜಾಣ ಉಪಾಯ ಹುಡುಕಿದರು. ಪ್ರೂವರ್ ಜೊತೆ ಮಾತಾಡಲಿಕ್ಕೆಂದೇ ಒಂದು ಹೊಸ ಪ್ರೋಗ್ರಾಮಿಂಗ್ ಭಾಷೆ ಮಾಡಿದರು. ಅದರಲ್ಲಿ ಪ್ರಮೇಯ ಅನ್ನೋದು ಒಂದು ಪ್ರತ್ಯೇಕ ಟೈಪ್, ಅಂದರೆ ವಸ್ತುಗಳ ಒಂದು ಜಾತಿ. ಆ ಟೈಪಿನ ವಸ್ತುವನ್ನು ತರ್ಕದ ನಿಯಮಗಳ ಮೂಲಕ ಬಿಟ್ಟರೆ ಬೇರೆ ಯಾವ ರೀತಿಯಲ್ಲೂ ತಯಾರಿಸಲು ಭಾಷೆಯೇ ಬಿಡುವುದಿಲ್ಲ. ಹಾಗಾದ ಮೇಲೆ ಹೆಜ್ಜೆಗಳನ್ನು ಕೂಡಿಡುವ ಅಗತ್ಯ ಏನು? ಕೈಯಲ್ಲಿ ಪ್ರಮೇಯ ಇದೆ ಅಂದರೆ ಅದು ನ್ಯಾಯವಾಗಿಯೇ ಬಂದಿದೆ.

ಆ ಭಾಷೆಯ ಹೆಸರು ಎಂಎಲ್. ಮೆಟಾ ಲ್ಯಾಂಗ್ವೇಜ್ ಅನ್ನೋದರ ಸಂಕ್ಷೇಪ. ಒಕಾಮಲ್, ಸ್ಟ್ಯಾಂಡರ್ಡ್ ಎಂಎಲ್ ಎಲ್ಲ ಅದರದೇ ಮಕ್ಕಳು ಮೊಮ್ಮಕ್ಕಳು. ಅಂದರೆ ಪ್ರೂವರ್‌ನ ಕಮಾಂಡ್ ಲೈನಿಗೆ ಅಂತ ಹುಟ್ಟಿದ್ದು ಬೆಳೆದು ಒಂದು ದೊಡ್ಡ ವಂಶವೇ ಆಯಿತು. 1991ರಲ್ಲಿ ಮಿಲ್ನರ್‌ಗೆ ಟ್ಯೂರಿಂಗ್ ಪ್ರಶಸ್ತಿ ಬಂದಾಗ ಹೆಸರಿಸಿದ ಕೆಲಸಗಳಲ್ಲಿ ಎಲ್‌ಸಿಎಫ್, ಎಂಎಲ್ ಎರಡೂ ಇದ್ದವು.

ಈ ಹಳೇ ಮನೆ ಹೇಗಿತ್ತು ಅಂತ ನೋಡಬೇಕಾದರೆ ಜಾನ್ ಹ್ಯಾರಿಸನ್ ಅವರ ಎಚ್‌ಒಎಲ್ ಲೈಟ್ ಅನ್ನೋ ಪ್ರೂವರ್ ಓಡಿಸಿ. ಅದಕ್ಕೆ ಬೇರೆ ಕಿಟಕಿಯೇ ಇಲ್ಲ, ಒಕಾಮಲ್ ಪ್ರಾಂಪ್ಟೇ ಅದರ ಮನೆ. ಮೂರು ಆಕ್ಸಿಯಮ್ (ಸಾಧನೆ ಕೇಳದೆ ಒಪ್ಪಿಕೊಂಡ ಮಾತು), ಹತ್ತು ಮೂಲ ನಿಯಮ, ಅಷ್ಟೇ ಅದರ ಬಂಡವಾಳ. ಲೋಡ್ ಮಾಡಿದಾಗ ಪರದೆ ತುಂಬ ಸಾಲುಗಳು ಓಡುತ್ತವೆ. ತನ್ನ ಬುನಾದಿಯ ಪ್ರಮೇಯಗಳನ್ನೆಲ್ಲ ಆ ಮೂಲ ನಿಯಮಗಳಿಂದಲೇ ಆಗ ಹೊಸದಾಗಿ ಸಾಧಿಸಿಕೊಳ್ಳುತ್ತಿರುತ್ತದೆ. ಒಂದು ಲೋಟ ಕಾಫಿ ಕುಡಿದು ಬರಬಹುದು. ಇದೇನು ಹಳೇ ಕಾಲದ ಆಟಿಕೆ ಅಂದುಕೊಳ್ಳಬೇಡಿ. ಹಣ್ಣಿನ ಅಂಗಡಿಯವರು ಮೋಸಂಬಿ ಪೇರಿಸುವ ರೀತಿಗಿಂತ ಒತ್ತಾಗಿ ಗೋಲಗಳನ್ನು ಪೇರಿಸಲು ಸಾಧ್ಯವಿಲ್ಲ ಅಂತ 1611ರಲ್ಲಿ ಕೆಪ್ಲರ್ ಹೇಳಿದ್ದ. ಥಾಮಸ್ ಹೇಲ್ಸ್ 1998ರಲ್ಲಿ ಸಾಧನೆ ಕೊಟ್ಟರು. ಪರೀಕ್ಷಿಸಿದ ಗಣಿತಜ್ಞರು ವರ್ಷಗಟ್ಟಲೆ ಕೂತು, ಕೊನೆಗೆ 99 ಪರ್ಸೆಂಟ್ ನಂಬಿಕೆ ಇದೆ ಅಂದರು. ಉಳಿದ ಒಂದು ಪರ್ಸೆಂಟ್ ಹೇಲ್ಸ್‌ಗೆ ನಿದ್ದೆ ಕೊಡಲಿಲ್ಲ ಅಂತ ಕಾಣುತ್ತದೆ. ಅವರ ತಂಡ ಮುಖ್ಯವಾಗಿ ಎಚ್‌ಒಎಲ್ ಲೈಟ್, ಜೊತೆಗೆ ಇಸಾಬೆಲ್ ಅನ್ನೋ ಇನ್ನೊಂದು ಪ್ರೂವರ್ ಬಳಸಿ ಇಡೀ ಸಾಧನೆಯನ್ನು ಹೆಜ್ಜೆಹೆಜ್ಜೆಯಾಗಿ ಪರೀಕ್ಷಿಸುವ ಕೆಲಸವನ್ನು 2014ರ ಆಗಸ್ಟ್‌ನಲ್ಲಿ ಮುಗಿಸಿತು.

ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಕಾಕ್‌ನಲ್ಲಿ ಪ್ರತಿ ವಾಕ್ಯದ ಕೊನೆಗೆ ಪೂರ್ಣವಿರಾಮ ಇಡಬೇಕು. ನಾನು ಮೊದಲ ದಿನ ಮರೆತೆ. ಎಂಟರ್ ಒತ್ತಿದೆ, ಉತ್ತರವೇ ಇಲ್ಲ. ಲ್ಯಾಪ್‌ಟಾಪ್ ಹ್ಯಾಂಗ್ ಆಯಿತು ಅಂದುಕೊಂಡು ಕಾದೆ. ಆಮೇಲೆ ತಡೆಯಲಾರದೆ ಮುಂದಿನ ಸಾಲು ಟೈಪ್ ಮಾಡಿದೆ. ಅದು ಎರಡೂ ಸಾಲು ಸೇರಿಸಿ ಓದಿ, "ಇಂಟ್ರೋಸ್ ಅಂದರೆ ಯಾರು, ನನಗೆ ಗೊತ್ತಿಲ್ಲ" ಅನ್ನೋ ಅರ್ಥದ ಎರರ್ ಕೊಟ್ಟಿತು. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಒಂದು ಚುಕ್ಕೆಗೆ!

ಇನ್ನೊಂದು. ಬಾಣದ ಕೀ ಒತ್ತಿದರೆ ಹಿಂದಿನ ಸಾಲು ಬರುವ ಬದಲು ವಿಚಿತ್ರ ಚಿಹ್ನೆಗಳು ಬರುತ್ತವೆ. ಕಾಕ್‌ಟಾಪ್ ಅನ್ನೋದಕ್ಕಿಂತ ಮೊದಲು ಆರ್‌ಎಲ್‌ರ‍್ಯಾಪ್ ಅಂತ ಸೇರಿಸಿ ಓಡಿಸಿದರೆ ಅದು ಸರಿಹೋಗುತ್ತದೆ. ತಪ್ಪು ಹೆಜ್ಜೆ ಇಟ್ಟರೆ ಅನ್‌ಡೂ, ಎಲ್ಲಿದ್ದೇವೆ ಅಂತ ಮರೆತರೆ ಶೋ. ಆದರೆ ಕಿಟಕಿ ಮುಚ್ಚಿದರೆ ಬರೆದದ್ದೆಲ್ಲ ಹೋಯಿತು. ಪಕ್ಕದಲ್ಲಿ ಒಂದು ಫೈಲ್ ತೆರೆದಿಟ್ಟು, ಒಪ್ಪಿದ ಸಾಲನ್ನು ಆಗಾಗ ಅಲ್ಲಿಗೆ ಸೇರಿಸುತ್ತಾ ಹೋಗಿ. ಆ ಫೈಲನ್ನು ಕಾಕ್‌ಸಿ ಅನ್ನೋ ಜೊತೆಗಾರ ಪ್ರೋಗ್ರಾಮಿಗೆ ಕೊಟ್ಟರೆ ಒಟ್ಟಿಗೆ ಪರೀಕ್ಷೆ ಮಾಡುತ್ತದೆ. ಸರಿಯಿದ್ದರೆ ಒಂದಕ್ಷರವೂ ಮಾತಾಡದೆ ಪ್ರಾಂಪ್ಟಿಗೆ ಮರಳುತ್ತದೆ. ಹೊಗಳಿಕೆ ನಿರೀಕ್ಷಿಸಬೇಡಿ.

ಪಾಠ ಹೇಳುವವರಿಗೆ ಒಂದು ಗುಟ್ಟು. ಸಾಧನೆ ಮಾಡದೆ ಅಡ್ಮಿಟೆಡ್ ಅಂತ ಬರೆದು ಹುಡುಗರು ಜಾರಿಕೊಳ್ಳಬಹುದು, ಕಾಕ್ ಅದನ್ನು ಸುಮ್ನೆ ನಂಬಿಬಿಡುತ್ತದೆ. ಪ್ರಿಂಟ್ ಅಸಂಪ್ಷನ್ಸ್ ಅಂತ ಕೊಟ್ಟು ಪ್ರಮೇಯದ ಹೆಸರು ಹೇಳಿ. ಸಾಧಿಸದೆ ಬಿಟ್ಟದ್ದು ಒಳಗೆ ಎಲ್ಲೇ ಅಡಗಿರಲಿ, ಪಟ್ಟಿ ಮಾಡಿ ಕೊಡುತ್ತದೆ.

ಈಚೆಗೆ ಲೀನ್ ಅನ್ನೋ ಪ್ರೂವರ್ ಕಡೆ ಜನ ಜಾಸ್ತಿ ಹೋಗುತ್ತಿದ್ದಾರೆ. ಅದನ್ನು ಎಡಿಟರ್ ಜೊತೆಯಲ್ಲೇ ಬಳಸುವುದು ರೂಢಿ, ಅದೂ ಚೆನ್ನಾಗಿದೆ. ತಮಾಷೆ ಅಂದರೆ, ಈಗ ಪ್ರೂವರ್‌ಗಳ ಜೊತೆ ಮಾತಾಡಲು ಎಐ ಪ್ರೋಗ್ರಾಮ್‌ಗಳು ಸಾಲು ನಿಂತಿವೆ. ಅವಕ್ಕೆ ಮೌಸ್ ಬೇಡ, ಬಣ್ಣ ಬೇಡ. ಒಂದು ಸಾಲು ಕಳಿಸು, ಉಳಿದ ಗುರಿ ಏನು ಅಂತ ಓದು, ಮುಂದಿನ ಸಾಲು ಕಳಿಸು. ನಾವು ಇಷ್ಟು ಹೊತ್ತು ಮಾಡಿದ್ದೂ ಅದನ್ನೇ.

ಪ್ರಾಂಪ್ಟ್ ಇನ್ನೂ ತೆರೆದೇ ಇದೆ. ಎನ್ + ಎಮ್ = ಎಮ್ + ಎನ್ ಸಾಧಿಸಲು ಯಾರು ಬರ್ತೀರಿ? ಮೊದಲ ಭಾಗಕ್ಕೆ ನಮ್ಮ ಬಲಸೊನ್ನೆ ಸಾಕು. ಎರಡನೆಯದರಲ್ಲಿ ಗೆರೆಯ ಕೆಳಗೆ ಎಸ್ (ಎಮ್ + ಎನ್) = ಎಮ್ + ಎಸ್ ಎನ್ ಅಂತ ಬಂದು ಸಿಕ್ಕಿಕೊಳ್ಳುತ್ತದೆ (ಎಸ್ ಅಂದರೆ ಮುಂದಿನ ಸಂಖ್ಯೆ). ಅದಕ್ಕೆ ಇನ್ನೊಂದು ಚಿಕ್ಕ ಪ್ರಮೇಯ ಬೇಕು. ಬನ್ನಿ, ಕೀಬೋರ್ಡ್ ಇಲ್ಲಿದೆ.