ಥೈಮಸ್ ಆಪರೇಷನ್: ತೂತು ಎಷ್ಟು ಅನ್ನೋದಕ್ಕಿಂತ ಮೊದಲು

ಮೈಸ್ತೇನಿಯಾ ಗ್ರೇವಿಸ್ (ದೇಹದ ಪ್ರತಿಕಾಯಗಳೇ ನರ-ಸ್ನಾಯು ಸಂಪರ್ಕ ಕೆಡಿಸಿ ಸ್ನಾಯು ಸೋಲಿಸೋ ರೋಗ) ಇರೋರಿಗೆ ಥೈಮಸ್ ಅನ್ನೋ ರೋಗನಿರೋಧಕ ಗ್ರಂಥಿ ತೆಗೀಬೇಕು ಅಂತ ಡಾಕ್ಟರು ಹೇಳಿದ ಕೂಡ್ಲೇ ಮನೆಯವರು ಕೇಳೋದು ಒಂದೇ: ಎದೆಮೂಳೆ ಸೀಳಬೇಕಾ, ಸಣ್ಣ ತೂತುಗಳ ಮೂಲಕ ಮಾಡೋ ಕೀಹೋಲ್‌ನಲ್ಲೇ ಆಗುತ್ತಾ? ಕೇಳಿ, ತಪ್ಪಿಲ್ಲ. ಆದ್ರೆ ಮೊದಲು ಕೇಳಬೇಕಾಗಿರೋದು ಕೊಬ್ಬಿನ ವಿಚಾರ.

ಎದೆಮೂಳೆಯ ಹಿಂದೆ, ಹೃದಯದ ಮುಂದೆ ಕೂತಿರೋ ಈ ಗ್ರಂಥಿಯ ಚೂರುಗಳು ಸುತ್ತಲಿನ ಕೊಬ್ಬಿನಲ್ಲೂ ಅಡಗಿರ್ತವೆ. ಅಗಲದಲ್ಲಿ ಒಂದು ಫ್ರೆನಿಕ್ ನರದಿಂದ (ವಪೆಯನ್ನ ಆಡಿಸೋ ನರ, ಎಡಕ್ಕೊಂದು ಬಲಕ್ಕೊಂದು) ಇನ್ನೊಂದು ಫ್ರೆನಿಕ್ ನರದವರೆಗೆ, ಉದ್ದದಲ್ಲಿ ಕುತ್ತಿಗೆಗೆ ಚಾಚಿರೋ ಗ್ರಂಥಿಯ ಎರಡು ಕೊಂಬುಗಳಿಂದ ವಪೆಯವರೆಗೆ (ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯು), ಕೊಬ್ಬು ಸಮೇತ ಎಲ್ಲಾ ಬರಬೇಕು. ಗ್ರಂಥಿ ಮಾತ್ರ ತೆಗೆದ್ರೆ ಅರ್ಧ ಕೆಲಸ.

ಈ ಆಪರೇಷನ್ನಿನ ಲಾಭವನ್ನ ಗಟ್ಟಿಯಾಗಿ ತೋರಿಸಿದ್ದು 2016ರಲ್ಲಿ ಪ್ರಕಟವಾದ ಎಂಜಿಟಿಎಕ್ಸ್ ಅಧ್ಯಯನ. 126 ರೋಗಿಗಳು, 3 ವರ್ಷ. ದಿನ ಬಿಟ್ಟು ದಿನ ತಗೊಳ್ಳೋ ಪ್ರೆಡ್ನಿಸೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಆಪರೇಷನ್ ಆದವರಲ್ಲಿ ಸರಾಸರಿ 44 ಮಿಲಿಗ್ರಾಂಗೆ ಇಳಿದಿತ್ತು, ಆಪರೇಷನ್ ಇಲ್ಲದೆ ಮಾತ್ರೆ ಮಾತ್ರ ತಗೊಂಡವರಿಗೆ 60 ಬೇಕಾಗಿತ್ತು. ಆದ್ರೆ ಅಲ್ಲಿ ಆಪರೇಷನ್ ಮಾಡಿದ್ದು ಎದೆಮೂಳೆ ಸೀಳಿ! ಕೀಹೋಲ್‌ನವರು ಆ ಫಲ ನಮಗೂ ಸಲ್ಲುತ್ತೆ ಅನ್ನಬೇಕಾದ್ರೆ ಅಷ್ಟೇ ಕೊಬ್ಬು ತೆಗೀಬೇಕು. ಪಳಗಿದ ಕೈಗೆ ಅದು ಆಗುತ್ತೆ. ನೋವು ಕಡಿಮೆ, ಮನೆಗೂ ಬೇಗ ಹೋಗಬಹುದು.

ಸಾಮಾನ್ಯವಾಗಿ ಒಂದು ಪಕ್ಕೆಯಲ್ಲಿ 3 ಪೋರ್ಟ್ (ಸಲಕರಣೆ ತೂರಿಸೋ ಸಣ್ಣ ಕೊಳವೆ) ಹಾಕಿ, ಆ ಕಡೆಯ ಶ್ವಾಸಕೋಶಕ್ಕೆ ಗಾಳಿ ನಿಲ್ಲಿಸಿ, ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡ್ಕೋತಾರೆ. ಕಷ್ಟ ಇರೋದು ಎದುರು ಬದಿಯ ಫ್ರೆನಿಕ್ ನರ ಕಾಣಿಸೋದ್ರಲ್ಲಿ. ಅಂಗಾಂಶ ಕತ್ತರಿಸೋಕೆ ಬಳಸೋ ಕರೆಂಟಿನ ಶಾಖ ಆ ನರಕ್ಕೆ ತಗುಲಿದ್ರೆ ಆ ಕಡೆಯ ವಪೆ ಕೆಲಸ ನಿಲ್ಲಿಸುತ್ತೆ. ಮೊದಲೇ ಸ್ನಾಯು ಸೋತಿರೋ ರೋಗಿಗೆ ಇದು ವೆಂಟಿಲೇಟರ್ ದಾರಿ. ಥೈಮಸ್‌ನ ಸಣ್ಣ ರಕ್ತನಾಳಗಳು ಸೇರೋದು ಎದೆಯ ಮೇಲ್ಭಾಗದ ದೊಡ್ಡ ರಕ್ತನಾಳವಾದ ಎಡ ಬ್ರೇಕಿಯೋಸೆಫಾಲಿಕ್ ಅಭಿಧಮನಿಗೆ. ಅವನ್ನ ಎಳೆದು ಹರಿದ್ರೆ ರಕ್ತ ನಿಲ್ಲಿಸೋಕೆ ಎದೆ ತೆರೀಬೇಕಾಗಬಹುದು, ಹಾಗಾಗಿ ಆ ಸಲಕರಣೆ ಪಕ್ಕದಲ್ಲೇ ಇರಬೇಕು. ಥೈಮೋಮಾ (ಥೈಮಸ್‌ನಲ್ಲೇ ಹುಟ್ಟೋ ಗಡ್ಡೆ) ಇದ್ರೆ ಅದರ ಹೊದಿಕೆ ಒಡೀಬಾರದು, ಕೋಶಗಳು ಎದೆಗೂಡಲ್ಲಿ ಚೆಲ್ಲಿ ಮತ್ತೆ ಬೆಳೆಯಬಹುದು. ಚೀಲಕ್ಕೆ ಹಾಕಿಯೇ ಹೊರಗೆ ತರಬೇಕು.

ಇದು ಸಾಮಾನ್ಯವಾಗಿ ತುರ್ತು ಆಪರೇಷನ್ ಅಲ್ಲ. ನುಂಗೋಕೆ, ಉಸಿರಾಡೋಕೆ ತೊಂದರೆ ಇದ್ರೆ ಮೊದಲು ಐವಿಐಜಿ (ರಕ್ತನಾಳಕ್ಕೆ ಕೊಡೋ ಪ್ರತಿಕಾಯಗಳ ಔಷಧಿ) ಅಥವಾ ಪ್ಲಾಸ್ಮಾ ಎಕ್ಸ್‌ಚೇಂಜ್ (ರಕ್ತದ ದ್ರವಭಾಗ ತೆಗೆದು ಬದಲಿ ಹಾಕೋದು) ಕೊಟ್ಟು ಸುಧಾರಿಸಿಕೊಳ್ಳಲಿ. ಅರಿವಳಿಕೆ ತಜ್ಞರು ಸ್ನಾಯು ಸಡಿಲಿಸೋ ರೋಕ್ಯುರೋನಿಯಂ ಕೊಡೋದಾದ್ರೆ ಅಳೆದು ಸುರಿದು ಕೊಡಬೇಕು, ಈ ರೋಗದಲ್ಲಿ ಸ್ವಲ್ಪವೇ ಜಾಸ್ತಿ ಆಗುತ್ತೆ. ಅದರ ಪರಿಣಾಮ ಇಳಿಸೋ ಸುಗಮಾಡೆಕ್ಸ್ ಕೈಗೆಟುಕುವಂತಿರಲಿ.

ಕೆಲವರಲ್ಲಿ ಈ ರೋಗ ಬರೋದು ಮಸ್ಕ್ ಅನ್ನೋ ಸ್ನಾಯುವಿನ ಪ್ರೋಟೀನ್ ಮೇಲಿನ ಪ್ರತಿಕಾಯದಿಂದ, ಅಂಥವರಿಗೆ ಲಾಭ ಆಗುತ್ತೆ ಅನ್ನೋಕೆ ಆಧಾರ ಇಲ್ಲ, ಗಡ್ಡೆ ಇಲ್ಲದಿದ್ರೆ ಅವರಿಗೆ ಆಪರೇಷನ್ ಬೇಡ ಅಂತಲೇ ನಾನು ಹೇಳೋದು. ಉಳಿದವರಿಗೂ ಫಲ ಕಾಣೋಕೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕು. ಹೊಲಿಗೆ ಒಣಗಿತು ಅಂತ ಸ್ಟೀರಾಯ್ಡ್ ಮಾತ್ರೆ ನೀವಾಗೇ ನಿಲ್ಲಿಸಿಬಿಡಬೇಡಿ.